ಓನರ್ ಆಂಟಿ ನನ್ನ ಬಾಯಿ ಮುಚ್ಚಿಸಿದ್ದು

ಮೊನ್ನೆ ಆಫೀಸಿನಲ್ಲಿ ಹೊಸದಾಗಿ ಸೇರಿದ ಹುಡುಗಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ್ದೇ ತಡ, ಬಿಸಿ ಜೀರಿಗೆ ನೀರಿನ ವಾಸನೆ ನನ್ನ ಟೇಬಲ್ಲಿನವರೆಗೂ ಬಂತು. ಬಾಗಲಗುಂಟೆಯ ಆ ಮಹಡಿ ಮೇಲಿನ ರೂಮು, ಕೆಳಗಿನ ಮನೆಯ ಓನರ್ ಆಂಟಿ... ಎಲ್ಲ ಒಟ್ಟಿಗೇ ನೆನಪಾದವು.

ಆಗ ನಾನು ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಮೆಷಿನ್ ಮುಂದೆ ನಿಲ್ಲುತ್ತಿದ್ದೆ. ಗಂಡು ಹೆಸರು ಬಿಟ್ಟು, ನಾನು ಹೆಣ್ಣು ಎಂದು ಎಲ್ಲರಿಗೂ ಹೇಳಿ, ಚೂಡಿದಾರ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಿದ್ದ ಹೊಸತು. ಬಾಯಿ ತೆರೆದರೆ ಸಾಕು, ನನ್ನ ಗಡಸು ದನಿಗೆ ಅಂಗಡಿಯವನು ಸರಕ್ಕನೆ ತಲೆಯೆತ್ತಿ ನೋಡುತ್ತಿದ್ದ. ಮೈಯೆಲ್ಲ ಉರಿಯುತ್ತಿತ್ತು ನನಗೆ! ದನಿಯ ಅಭ್ಯಾಸಕ್ಕೆಂದು ಸ್ಪೀಚ್ ಥೆರಪಿಸ್ಟ್ ಮೇಡಂ ಹತ್ತಿರ ಹೋಗುತ್ತಿದ್ದೆ. ಸ್ವಲ್ಪ ಹೊತ್ತು ಮಾಡಿ, ನಿಲ್ಲಿಸಿ, ನೀರು ಕುಡಿಯಿರಿ ಎಂದಿದ್ದರು. ನಾನು ಕೇಳಬೇಕಲ್ಲ.

ಅದೇ ಸಮಯಕ್ಕೆ ಡಿಸ್ಪ್ಯಾಚ್ ವಿಭಾಗದಲ್ಲಿ ಫೋನಿಗೆ ಒಬ್ಬರು ಬೇಕಾದರು. ಮುಂದಿನ ವಾರ ನಿನ್ನನ್ನೇ ಕೂರಿಸಿ ನೋಡೋಣ ಎಂದರು ಮ್ಯಾನೇಜರ್. ಆ ಕುರ್ಚಿ ನನಗೆ ಬೇಕೇಬೇಕಿತ್ತು. ಹಗಲೆಲ್ಲ ಮೆಷಿನ್ ಸದ್ದನ್ನು ಮೀರಿ ಕಿರುಚುತ್ತಿದ್ದೆ. ಸಂಜೆ ರೂಮಿಗೆ ಬಂದು, ಪಕ್ಕದವರಿಗೆ ಕೇಳಿಸೀತೆಂದು ಪಿಸುದನಿಯಲ್ಲಿ ಅಭ್ಯಾಸ. ಶನಿವಾರದ ಹೊತ್ತಿಗೆ ಗಂಟಲು ಪೂರ್ತಿ ಕಟ್ಟಿತು.

ಬಟ್ಟೆ ಒಣಹಾಕಲು ಟೆರೇಸಿಗೆ ಬಂದ ಆಂಟಿ ನಾನು ಅಳುವುದನ್ನು ಕಂಡರು. ಏನೋ ಹೇಳಹೋದೆ, ಬರೀ ಗಾಳಿ.

“ಅಯ್ಯೋ, ಮೊದ್ಲು ಬಾಯ್ಮುಚ್ಚೇ! ಪಿಸುಪಿಸು ಅನ್ಲೂಬೇಡ, ಅದು ಇನ್ನೂ ಕೆಟ್ಟದ್ದು. ನಾವೇನು ಡ್ಯೂಟಿ ಪೂರ್ತಿ ಕಿರುಚ್ಕೊಂಡಿದ್ವಿ ಅಂದ್ಕೊಂಡ್ಯಾ?”

ಆಂಟಿ ಸರ್ಕಾರಿ ಕಾರ್ಖಾನೆಯೊಂದರ ಮೆಷಿನ್ ಶಾಪ್‌ನಲ್ಲಿ ದುಡಿದು ರಿಟೈರ್ ಆದವರು. ಅಲ್ಲಿ ಮಾತೆಲ್ಲ ಕೈಸನ್ನೆಯಲ್ಲೇ ಆಗುತ್ತಿತ್ತಂತೆ. ಕಾಲರ್ ಮುಟ್ಟಿದರೆ ಸೂಪರ್‌ವೈಸರ್ ಬಂದ, ಗಲ್ಲಕ್ಕೆ ಮುಷ್ಟಿ ಹಿಡಿದರೆ ಟೀ. ಥೆರಪಿಸ್ಟ್ ಮೇಡಂಗೆ ಮೆಸೇಜ್ ಹಾಕಿದರೆ ಅವರೂ ದನಿಗೆ ಪೂರ್ತಿ ವಿಶ್ರಾಂತಿ ಕೊಡಿ ಎಂದರು, ಚೆನ್ನಾಗಿ ಬೈದರು ಕೂಡ. ಭಾನುವಾರವಿಡೀ ಆಂಟಿಯ ಅಡುಗೆಮನೆಯಲ್ಲಿ ಜೀರಿಗೆ ನೀರು ಕುಡಿಯುತ್ತ ಸನ್ನೆ ಕಲಿತೆ. ಗಂಟಲು ಕೆರೆದುಕೊಳ್ಳಲು ಹೋದರೆ ತಲೆಗೊಂದು ಮೊಟಕುತ್ತಿದ್ದರು. ಸೋಮವಾರ ಮೆಷಿನ್ ಮುಂದೆ ನಾನು ಕೈಸನ್ನೆ ಮಾಡಿದಾಗ ಜೊತೆಯವನು ಕಕ್ಕಾಬಿಕ್ಕಿಯಾದ. ಮಾರನೆಯ ದಿನ ಇಡೀ ಲೈನಿನವರು ಗಲ್ಲಕ್ಕೆ ಮುಷ್ಟಿ ಹಿಡಿದು ನಿಂತಿದ್ದರು!

ಮೆಲ್ಲಗೆ ದನಿ ವಾಪಸ್ ಬಂತು. ಆಗ ಆಂಟಿ ಹೇಳಿದರು: “ನನ್ ಮನೇಲಿ ಹೆದರ್ಕೊಂಡು ಪಿಸುಗುಟ್ಬೇಡ. ಟೆರೇಸಲ್ಲಿ ಬಾಯ್ಬಿಟ್ಟು ಮಾಡು. ಯಾವನಾದ್ರೂ ಕೇಳಿದ್ರೆ ಕೆಳಗೆ ಕಳ್ಸು, ನಾನಿದೀನಿ.”

ಆ ಶುಕ್ರವಾರ ಡಿಸ್ಪ್ಯಾಚ್‌ನಲ್ಲಿ ಕೂತು ಫೋನೆತ್ತಿದೆ. ಆ ಕಡೆಯಿಂದ ಒಬ್ಬ ಗುಡುಗಿದ: “ಏನ್ ಮೇಡಂ, ಬೆಳಗ್ಗೆಯಿಂದ ಕಾಯ್ತಿದೀನಿ, ಎಲ್ರೀ ಮೇಡಂ ನಿಮ್ ಗಾಡಿ?” ಬೈಸಿಕೊಂಡು ಅಷ್ಟು ಖುಷಿಪಟ್ಟವಳು ಆ ಪೀಣ್ಯದಲ್ಲಿ ನಾನೊಬ್ಬಳೇ ಇರಬೇಕು. ಗೆದ್ದುಬಿಟ್ಟಿದ್ದೆ. ಕುರ್ಚಿ ನನ್ನದಾಯಿತು. ಆಂಟಿ ಸುದ್ದಿ ಕೇಳಿ ಕೇರಿಗೆಲ್ಲ ಕೇಸರಿಬಾತ್ ಹಂಚಿದರು.

ಹೋದ ವರ್ಷ ಆಂಟಿ ತೀರಿಕೊಂಡರು. ಅವರ ಒಬ್ಬನೇ ಮಗ ಅಳು ತಡೆಯಲಾಗದೆ ಫೋನನ್ನು ನನ್ನ ಕೈಗಿಟ್ಟ. ಆಂಟಿಯ ಕಾರ್ಖಾನೆ ಗೆಳತಿಯರಿಗೆಲ್ಲ ನಾನೇ ಸುದ್ದಿ ಹೇಳಿದೆ... ಚಂದಾಪುರದ ಒಬ್ಬರು, “ನೀನು ಅವಳ ಮಗಳೇನಮ್ಮಾ?” ಎಂದರು. ಮಣ್ಣಿನ ಹೊತ್ತು ಮಾತ್ರ ಹೇಳಿ ಫೋನಿಟ್ಟೆ.

ಆಂಟಿ ಇಲ್ಲದ ಕೊರಗು ಇನ್ನೂ ಹೋಗಿಲ್ಲ. ಆ ಚಂದಾಪುರದವರು ಮಾತ್ರ ಹಬ್ಬಕ್ಕೆ ತಪ್ಪದೆ ಫೋನ್ ಮಾಡುತ್ತಾರೆ, ಮೊನ್ನೆಯೂ ಮಾಡಿದ್ದರು. “ಮಗಳೇ ಅಲ್ವಾ ಮಾತಾಡ್ತಿರೋದು?” ಎಂದರು.

“ಹೌದಮ್ಮ, ಮಗಳೇ,” ಅಂದೆ, ಬಾಯಿ ತುಂಬಾ.