ಬುಂದಿಯ ಪಾಲಿನ ಪ್ರಸಾದ

ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷ. ನಾಗಸಂದ್ರದ ಮೂರನೆಯ ಮಹಡಿಯ ಮನೆಯಲ್ಲಿ ಗೌರಮ್ಮ ಲಿಂಗಪೂಜೆ ಮುಗಿಸಿ, ನೈವೇದ್ಯದ ಕಲ್ಲುಸಕ್ಕರೆಯನ್ನು ಅಂಗೈಗೆ ಸುರಿದುಕೊಳ್ಳುತ್ತಿದ್ದರು. ಒಣದ್ರಾಕ್ಷಿಯ ಡಬ್ಬಿಯನ್ನು ಇವತ್ತು ಮುಟ್ಟಿರಲಿಲ್ಲ. ಮಗಳು ನಿವೇದಿತಾ ಫೋನು ಹಿಡಿದು ಬಂದು ಬಾಗಿಲಲ್ಲೇ ನಿಂತಳು.

"ಅವ್ವಾ, ಆಸ್ಪತ್ರೆಯಿಂದ ಫೋನ್ ಬಂದಿತ್ತು. ಬುಂದಿ ಹೋತಂತ."

"ಹೂಂ," ಅಂದರು ಗೌರಮ್ಮ.

ಬುಂದಿ ಮೊಣಕಾಲೆತ್ತರವೂ ಇಲ್ಲದ ಕಂದು ನಾಯಿ. ಅಪ್ಪ ಚನ್ನವೀರಪ್ಪ ತೀರಿಕೊಂಡ ಮೇಲೆ ಅವ್ವ ಮಾತನ್ನೇ ಬಿಟ್ಟಳೆಂದು ನಿವೇದಿತಾ ತಂದುಕೊಟ್ಟದ್ದು. "ನನಗ ನಾಯಿ ಕಾಯೋ ಕೆಲಸ ಹಚ್ಚಿದಿ?" ಎಂದು ರೇಗಿದ್ದ ಗೌರಮ್ಮ ವಾರದೊಳಗೆ ಅದಕ್ಕೆ ರೊಟ್ಟಿ ಮುರಿದು ಹಾಲಲ್ಲಿ ನೆನೆಸತೊಡಗಿದ್ದರು. ಪೂಜೆಯ ಹೊತ್ತಿಗೆ ಅದು ಅವರ ಬಲಮಗ್ಗುಲಲ್ಲಿ, ಚನ್ನವೀರಪ್ಪ ಕೂರುತ್ತಿದ್ದ ಕಡೆಯೇ ಕೂರುತ್ತಿತ್ತು. ಪ್ರಸಾದ ಚೆಲ್ಲುವಂತಿಲ್ಲ; ಸಕ್ಕರೆ ಕಾಯಿಲೆಯ ಗೌರಮ್ಮ ಪೂರಾ ತಿನ್ನುವಂತೆಯೂ ಇಲ್ಲ. ಒಂದು ಚೂರನ್ನು ಕಣ್ಣಿಗೊತ್ತಿ ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಗಂಡನಿಗೆ ಕೊಡುತ್ತಿದ್ದರು. ಆಮೇಲೆ ಬುಂದಿಗೆ. ಯಾವಾಗಲೂ ಕಲ್ಲುಸಕ್ಕರೆಯೇ. ಈ ಶ್ರಾವಣಕ್ಕೆ ಮಾತ್ರ ವಿಜಯಪುರದ ತಂಗಿ ಹೊಸ ಒಣದ್ರಾಕ್ಷಿ ಕಳಿಸಿದ್ದಳು.

ಸೋಮವಾರ ಸಂಜೆ ನಾಯಿ ವಾಂತಿ ಮಾಡಿಕೊಂಡಿತು, ಮರುದಿನ ಏಳಲಿಲ್ಲ; ಪ್ರಾಣಿಗಳ ಆಸ್ಪತ್ರೆಗೆ ಸೇರಿಸಿದರು. ಮೂತ್ರಪಿಂಡ ಕೆಲಸ ನಿಲ್ಲಿಸುತ್ತಿದೆ ಎಂದರು ಡಾಕ್ಟರ್ ಶೀತಲ್. "ಏನ್ ತಿನ್ಸಿದ್ರಿ, ಅಜ್ಜಿ?"

"ರೊಟ್ಟಿ, ಹಾಲು. ಬ್ಯಾರೆ ಏನ್ ತಿಂತೈತಿ ಅದು."

"ಜೋಳದ ರೊಟ್ಟಿನಾ? ಹಾಗಾದ್ರೆ ಪಕ್ಕಾ ನಿಮ್ಮೂರಿನವನೇ ಬಿಡಿ," ಎಂದು ನಕ್ಕ ಡಾಕ್ಟರು ಇಲಿಪಾಷಾಣ, ಮಾತ್ರೆ, ಕುಂಡದ ಗಿಡ ಎಂದು ಒಂದೊಂದನ್ನೇ ಕೇಳಿದರು. ಎಲ್ಲಕ್ಕೂ ಇಲ್ಲ ಎಂದಾಯಿತು. ಗೌರಮ್ಮ ಏನನ್ನೂ ಮುಚ್ಚಿಡಲಿಲ್ಲ. ಪ್ರಸಾದವೂ ತಿಂಡಿಯ ಲೆಕ್ಕಕ್ಕೆ ಬರುತ್ತದೆಂದು ಅವರಿಗೆ ಹೊಳೆಯಲೇ ಇಲ್ಲ.

ಈಗ ಅಂಗೈಯಲ್ಲಿ ಕಲ್ಲುಸಕ್ಕರೆ ಹಾಗೇ ಇತ್ತು. ಕೈ ತಾನಾಗಿ ಬಲಕ್ಕೆ ಚಾಚಿ, ಬರಿ ನೆಲದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಹಿಂದಕ್ಕೆ ತಂದು ಒಂದೊಂದೇ ಚೂರನ್ನು ತಾವೇ ತಿನ್ನತೊಡಗಿದರು.

"ಅವ್ವಾ, ಶುಗರ್ ಐತಿ ನಿನಗ."

"ಚೆಲ್ಲಬಾರದವ್ವ."

ಸಿಹಿ ಎನಿಸಲಿಲ್ಲ. ಅಳುವೂ ಬರಲಿಲ್ಲ. ನಿನ್ನೆ ಸಂಜೆಯ ಮಾತೇ ಕಿವಿಯಲ್ಲಿತ್ತು. ಆಸ್ಪತ್ರೆಯಿಂದ ಹೊರಡುವಾಗ ಅವರೇ ಸಮಾಧಾನಕ್ಕೆಂದು ಅಂದಿದ್ದರು: "ದಿನಾ ಶಿವನ ಪ್ರಸಾದ ತಿಂದ ಜೀವ. ಏನೂ ಆಗಂಗಿಲ್ಲ ಬಿಡ್ರಿ."

ಶೀತಲ್ ಸಿರಿಂಜನ್ನು ಕೆಳಗಿಟ್ಟಿದ್ದರು. "ಏನ್ ಪ್ರಸಾದ, ಅಜ್ಜಿ?"

"ಒಣದ್ರಾಕ್ಷಿ."

ನಾಯಿಗೆ ಅದು ವಿಷವೆಂದು ಡಾಕ್ಟರು ಮೆಲ್ಲಗೆ ಹೇಳಿದರು. "ಸೋಮವಾರ ಎಷ್ಟ್ ಕೊಟ್ರಿ?"

ಶ್ರಾವಣ ಸೋಮವಾರವೆಂದು ಇಪ್ಪತ್ತೊಂದು ಇಟ್ಟಿದ್ದರು. ಒಂದನ್ನು ತಾವು ತಿಂದಿದ್ದರು. ಗೌರಮ್ಮ ಮನಸ್ಸಿನಲ್ಲೇ ಕಳೆದು ಹೇಳಿದರು:

"ಇಪ್ಪತ್ತು."