ಅಮರಪ್ಪ ಮಾಸ್ತರರು ಮರೆತ ಮಗ್ಗಿ

ಹನುಮಸಾಗರದ ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದ ಅಮರಪ್ಪ ಮಾಸ್ತರರಿಗೆ 2004ರ ಬೇಸಿಗೆಯಲ್ಲಿ ಲಕ್ವಾ ಹೊಡೆಯಿತು. ಮಾತು ಬೇಗ ಮರಳಿತು, ಕೈಕಾಲಿಗೂ ಬಲ ಬಂತು. ಮಳೆಗಾಲಕ್ಕೆ ಮತ್ತೆ ಶಾಲೆಗೆ ಹೋದರು.

ಒಂಬತ್ತನೆಯ ತರಗತಿಗೆ ಅಂದು ನೇರ ಅನುಪಾತದ ಪಾಠ. ಒಂದು ಪಂಪು ಮೂರು ತಾಸಿಗೆ ಹನ್ನೆರಡು ಡ್ರಮ್ಮು ನೀರು ಎತ್ತಿದರೆ ಏಳು ತಾಸಿಗೆ ಎಷ್ಟು ಎತ್ತುತ್ತದೆ? ಮಾಸ್ತರರು ಹಲಗೆಯ ಮೇಲೆ y = kx ಎಂದು ಬರೆದರು. ಕೆಳಗೆ 12 = k × 3 ಎಂದು ಬರೆದರು. ಮುಂದಿನ ಸಾಲಿಗೆ ಕೈ ಏಳಲಿಲ್ಲ. ಹನ್ನೆರಡನ್ನು ಮೂರರಿಂದ ಭಾಗಿಸಬೇಕೆಂಬುದು ಗೊತ್ತಿತ್ತು. ಭಾಗಿಸಿದರೆ ಏನು ಬರುತ್ತದೆಂಬುದು ಹೊಳೆಯಲಿಲ್ಲ. ಮಗ್ಗಿಯೆಲ್ಲ ಅಳಿಸಿಹೋಗಿತ್ತು.

“ನಾಲ್ಕು ರೀ ಸರ್,” ಎಂದು ಮುಂದಿನ ಬೆಂಚಿನ ರಂಜಿತಾ ಮೆಲ್ಲಗೆ ಹೇಳಿದಳು.

ಯಾರೂ ನಗಲಿಲ್ಲ. ನಗದೇ ಇದ್ದದ್ದರಿಂದಲೇ ಅವರಿಗೆ ಹೆಚ್ಚು ನೋವಾಯಿತು. ಚಾಕ್‌ಪೀಸು ಮೇಜಿನ ಮೇಲಿಟ್ಟು ಹೊರಬಂದರು. ಸ್ವಯಂ ನಿವೃತ್ತಿಗೆ ಅರ್ಜಿ ಕೊಟ್ಟರು.

ಮನೆಯಲ್ಲಿ ಅವರು ಮಾತಾಡುವುದೇ ಕಡಿಮೆಯಾಯಿತು. ಹೆಂಡತಿ ಭವಾನಿ ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಒಂದು ಸಂಜೆ ಅವರ ಗಣಿತದ ಪುಸ್ತಕ ತಂದು, ಅದೇ ಪಂಪಿನ ಲೆಕ್ಕದ ಪುಟ ತೆರೆದು ಎದುರಿಗೆ ಕುಳಿತಳು.

“ಈ k ಅಂದ್ರ ಏನ್ರಿ?”

“ನನಗ ಏನೂ ನೆನಪಿಲ್ಲ, ಬಿಡು.”

“ಲೆಕ್ಕ ಮಾಡ್ರಿ ಅನ್ನಂಗಿಲ್ಲ. ಅದು ಏನಂತ ಅಷ್ಟ ಹೇಳ್ರಿ.”

ಅವರು ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು ಹೇಳಿದರು: “ತಾಸು ಎರಡು ಪಟ್ಟಾದ್ರ ನೀರೂ ಎರಡು ಪಟ್ಟು. ಅವೆರಡೂ ಎಷ್ಟ ಬೆಳದ್ರೂ ಒಂದು ತಾಸಿಗೆ ಬರೂ ನೀರು ಬದಲಾಗಂಗಿಲ್ಲ. ಅದಕ್ಕ k ಅಂತಾರ. ಮೊದಲು ಅದನ್ನ ಹುಡುಕಬೇಕು. ಅದು ಸಿಕ್ಕ ಮ್ಯಾಲ ಎಷ್ಟು ತಾಸಿಂದು ಕೇಳಿದ್ರೂ ಗುಣಿಸಿ ಹೇಳಬಹುದು.”

ಲೆಕ್ಕ ಹೋಗಿದ್ದರೂ ಅರ್ಥ ಉಳಿದಿದೆಯೆಂದು ಅವರಿಗೇ ತಿಳಿದದ್ದು ಆಗ.

ಭವಾನಿ ಬೆರಳು ಮಡಚಿ ಎಣಿಸಿದಳು. “ಹಂಗಾರ ತಾಸಿಗೆ ನಾಲ್ಕು. ನಾಲ್ಕೇಳ್ಲೆ ಇಪ್ಪತ್ತೆಂಟು ಡ್ರಮ್ಮು. ಖರೇನ?”

“ಇಪ್ಪತ್ತೆಂಟು ನನಗ ತಿಳಿಯಂಗಿಲ್ಲ. ದಾರಿ ಸರಿ ಐತಿ.”

ಮುಂದೆ ಓಣಿಯ ಮಕ್ಕಳು ಸಂಜೆ ಬರತೊಡಗಿದರು. ಮೊದಲು ಬಂದವಳು ರಂಜಿತಾ. ದಾರಿಯನ್ನು ಮಾಸ್ತರರು ಹೇಳುವರು, ಕೂಡಿ ಕಳೆಯುವುದು ಭವಾನಿಯ ಕೆಲಸ. ಮಗ್ಗಿ ಅವರಿಗೆ ಕೊನೆಗೂ ಮರಳಲಿಲ್ಲ. 2011ರಲ್ಲಿ ಎರಡನೆಯ ಸಲ ಲಕ್ವಾ ಹೊಡೆದಾಗ ಅವರು ಉಳಿಯಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ಸಂಜೆ ಇಬ್ಬರು ಹುಡುಗಿಯರು ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತರು. ಒಳಗೆ ಬರಲೋ ಬೇಡವೋ ಎಂದು ಹಿಂಜರಿದರು. ಭವಾನಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ಬರ್ರಿ ಒಳಗ. ನೇರ ಅನುಪಾತ ನನಗ ಛಲೋ ಬರ್ತೈತಿ. ಅಲ್ಲಿಂದ ಚಾಲೂ ಮಾಡೂಣು.”