ಡಿಸೆಂಬರಿನ ಕಡಲು

ಕಡಲ ವಿಷಯದಲ್ಲಿ ಯಾರೂ ನನಗೆ ಪಾಠ ಹೇಳಬೇಕಾಗಿಲ್ಲ ಎಂಬ ಜಂಭ ಚಿಕ್ಕಂದಿನಿಂದಲೂ ಇತ್ತು. ನಾನು ಉಡುಪಿ ಕಡೆಯವಳು. ತೊಂಬತ್ತರ ದಶಕದ ನಡುವಿನಲ್ಲಿ, ಸೆಲೆಟಾರ್ ಏರ್‌ಪೋರ್ಟಿನಲ್ಲಿ ವಿಮಾನ ರಿಪೇರಿ ಮಾಡುವ ಗಂಡನ ಹಿಂದೆ ಸಿಂಗಾಪುರಕ್ಕೆ ಬಂದು, ಲಿಟಲ್ ಇಂಡಿಯಾದ ಒಂದು ಪುಟ್ಟ ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸಕ್ಕೆ ಸೇರಿದ ಮೇಲೂ ಆ ಜಂಭ ಇಳಿದಿರಲಿಲ್ಲ.

ನಾವು ಮಾರುತ್ತಿದ್ದುದು ಮದ್ರಾಸಿನ ಟಿಕೆಟ್ಟು, ಮಲೇಷ್ಯಾದ ಬಸ್ ಟೂರು. ಅಪರೂಪಕ್ಕೆ ಯುರೋಪಿನ ಗಿರಾಕಿ ಬಂದರೆ ನಮ್ಮ ಯಜಮಾನತಿ ನನ್ನ ಮೇಜಿನತ್ತ ಕೈ ತೋರಿಸುತ್ತಿದ್ದರು. ಅವರನ್ನು ಕೇಳಿ ಪ್ರಯೋಜನವಿರಲಿಲ್ಲ. ವರ್ಷವಿಡೀ ಒಂದೇ ಸೆಖೆಯ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಸೀಸನ್ ಎಂದರೆ ಸ್ಕೂಲ್ ರಜೆ, ಅಷ್ಟೇ.

ಒಂದು ಏಪ್ರಿಲ್‌ನಲ್ಲಿ ಮೈಸೂರಿನ ಆಂಟಿಯೊಬ್ಬರು ಬಂದರು. ತಮ್ಮ ಮನೆಯಿದ್ದ ಬುಕಿತ್ ಪಂಜಾಂಗ್‌ನಿಂದ ಬಸ್ಸು ಹಿಡಿದು ಕರಿಬೇವು, ನುಗ್ಗೆಕಾಯಿ ಕೊಳ್ಳಲು ಬಂದವರು, ಚೀಲ ಕೆಳಗಿಟ್ಟು ನಮ್ಮ ಗೋಡೆಯ ಪೋಸ್ಟರನ್ನೇ ನೋಡುತ್ತ ನಿಂತರು. ಇಟಲಿಯ ಪಶ್ಚಿಮ ತೀರದ ಊರು. ಬೆಟ್ಟ ನೇರವಾಗಿ ಕಡಲಿಗೆ ಇಳಿದಿದೆ, ಇಳಿಜಾರಿನಲ್ಲಿ ಹಳದಿ, ಕೇಸರಿ ಮನೆಗಳು, ನಡುವೆ ನಿಂಬೆ ತೋಟ, ಕೆಳಗೆ ನೀಲಿ ನೀರು.

"ಇಲ್ಲಿ ಸ್ವಿಮ್ ಮಾಡಬೋದೇನಮ್ಮಾ?" ಎಂದರು, ಮೆಲ್ಲಗೆ.

ಐವತ್ನಾಲ್ಕನೆಯ ವಯಸ್ಸಿನಲ್ಲಿ ಆಂಟಿ ತಮ್ಮ ಕಾಂಡೋ ಅಪಾರ್ಟ್‌ಮೆಂಟಿನ ಪೂಲ್‌ನಲ್ಲಿ ಈಜು ಕಲಿತಿದ್ದರು. ಬೆಳಕು ಹರಿಯುವ ಮುಂಚೆ ಹೋಗಿ ಚೂಡಿದಾರದಲ್ಲೇ ಇಳಿಯುವುದು, ಯಾರಾದರೂ ಬಂದರೆ ಎದ್ದು ಮನೆಗೆ ಓಡುವುದು. ಒಮ್ಮೆಯಾದರೂ ಸಮುದ್ರದಲ್ಲಿ ಈಜಬೇಕೆಂಬ ಆಸೆ. ಇಲ್ಲೇ ಈಸ್ಟ್ ಕೋಸ್ಟ್ ಬೀಚ್ ಇದೆಯಲ್ಲ ಎಂದೆ. "ಅಯ್ಯೋ, ಅಲ್ಲಿ ಗುರ್ತಿನೋರು ಯಾರಾದ್ರೂ ಸಿಕ್ಕೇ ಸಿಗ್ತಾರೆ," ಎಂದರು. ಅಂಕಲ್ ಯೂನಿವರ್ಸಿಟಿಯಲ್ಲಿ ಪ್ರೊಫೆಸರ್. ಮುಂದಿನ ಮಾರ್ಚ್‌ಗೆ ಕಾಂಟ್ರಾಕ್ಟ್ ಮುಗಿದು ಇಬ್ಬರೂ ಮೈಸೂರಿಗೆ ವಾಪಸ್. ಅಷ್ಟರೊಳಗೆ ಸಿಗುವುದು ಜೂನ್ ರಜೆ, ಇಲ್ಲವೇ ಡಿಸೆಂಬರ್ ರಜೆ. ಯಾವುದು ಒಳ್ಳೆಯದು?

ಕೇಳಿದ್ದೇ ತಡ, ನಾನು ಪೆನ್ಸಿಲ್ ಹಿಡಿದು ಪೋಸ್ಟರಿನ ಮುಂದೆ ಭೂಗೋಳದ ಮೇಷ್ಟ್ರಾದೆ. ಪಶ್ಚಿಮಕ್ಕೆ ಕಡಲು, ಬೆನ್ನಿಗೆ ಬೆಟ್ಟ. ಥೇಟ್ ನಮ್ಮೂರು! ಜೂನ್‌ನಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲ, ಕಡಲು ಕೆರಳಿರುತ್ತದೆ, ದೋಣಿಗಳನ್ನೆಲ್ಲ ದಡಕ್ಕೆ ಎಳೆದಿಟ್ಟಿರುತ್ತಾರೆ. "ಜೂನ್‌ನಲ್ಲಿ ಯಾರಾದ್ರೂ ಸಮುದ್ರಕ್ಕೆ ಇಳೀತಾರಾ ಆಂಟಿ? ಡಿಸೆಂಬರ್ ಬುಕ್ ಮಾಡ್ತೀನಿ. ನೀರು ಕೆರೆ ಥರ ಇರುತ್ತೆ."

ಹೋಟೆಲ್ ರೂಮು ಕೇಳಿದ ತಕ್ಷಣ ಸಿಕ್ಕಿತು. ಯಾಕೆ ಅಷ್ಟು ಸಲೀಸಾಗಿ ಸಿಕ್ಕಿತೆಂದು ನಾನು ಯೋಚಿಸಲಿಲ್ಲ.

ಅಕ್ಟೋಬರ್‌ನಲ್ಲಿ ಆ ಹೋಟೆಲಿನಿಂದ ಫ್ಯಾಕ್ಸ್ ಬಂತು. ರೂಮಿನಲ್ಲಿ ಹೀಟರ್ ಇದೆ, ಆದರೆ ಬೀಚಿನ ಕೊಡೆ, ಕುರ್ಚಿಗಳನ್ನೆಲ್ಲ ಆಗಲೇ ಕಟ್ಟಿಟ್ಟಾಗಿದೆ, ಸುತ್ತಾಡಿಸುವ ದೋಣಿಗಳು ನಿಂತಿವೆ, ಡಿಸೆಂಬರ್‌ನಲ್ಲಿ ಮಳೆ ಜಾಸ್ತಿ. ಅತಿಥಿಗಳಿಗೆ ಇದು ಗೊತ್ತಿದೆ ತಾನೇ? ಲೈಬ್ರರಿಗೆ ಓಡಿ ಅಟ್ಲಾಸ್ ತೆಗೆದೆ. ಆ ತೀರದ ಬೇಸಿಗೆ ಒಣಬೇಸಿಗೆ, ಮಳೆ ಸುರಿಯುವುದು ಚಳಿಗಾಲದಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಯುರೋಪಿಗೆ ಯುರೋಪೇ ಅಲ್ಲಿ ನೀರಿಗೆ ಬಿದ್ದಿರುತ್ತದೆ. ಕೆಟ್ಟ ಮೇಲೆ ಬುದ್ಧಿ ಬಂತು.

ಫೋನಿನಲ್ಲಿ ಹೇಳುವ ಧೈರ್ಯವಾಗಲಿಲ್ಲ. ಭಾನುವಾರ ಬುಕಿತ್ ಪಂಜಾಂಗ್‌ಗೆ ಹೋಗಿ, ಆಂಟಿ ಕೊಟ್ಟ ಕಾಫಿ ಮುಟ್ಟದೆ ಎಲ್ಲ ಒಪ್ಪಿಕೊಂಡೆ. ಕ್ಯಾನ್ಸಲ್ ಮಾಡಿಬಿಡುತ್ತೇನೆ ಎಂದೆ.

ಅವರು ಬಾಲ್ಕನಿಯಿಂದ ಕೆಳಗಿನ ಪೂಲ್ ನೋಡಿದರು. "ಜೂನ್ ಮುಗ್ದೇ ಹೋಯ್ತಲ್ಲಮ್ಮ. ಇನ್ನೊಂದು ಜೂನ್ ಬರೋಷ್ಟೊತ್ತಿಗೆ ನಾವಿಲ್ಲಿರಲ್ಲ. ಇರ್ಲಿ ಬಿಡು, ನೋಡ್ಕೊಂಡಾದ್ರೂ ಬರ್ತೀನಿ. ಕಾಫಿ ಆರ್ತಾ ಇದೆ, ಕುಡಿ." ಬೈದಿದ್ದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. ಎರಡು ತಿಂಗಳು ನನಗೆ ಊಟವೂ ರುಚಿಸಲಿಲ್ಲ, ಆ ಪೋಸ್ಟರಿಗೆ ಬೆನ್ನು ಮಾಡಿ ಕುರ್ಚಿ ತಿರುಗಿಸಿಕೊಂಡೆ.

ಜನವರಿಯಲ್ಲಿ ಆಂಟಿ ಮತ್ತೆ ಬಂದರು. ಮೂಗು ಕೆಂಪಗಾಗಿತ್ತು, ಕೈಯಲ್ಲಿ ಫೋಟೋ ಕವರ್. ಮೊದಲನೆಯ ಫೋಟೋದಲ್ಲಿ ಬೂದು ಆಕಾಶ, ಬಾಗಿಲು ಹಾಕಿದ ಐಸ್‌ಕ್ರೀಮ್ ಅಂಗಡಿ, ನರಪಿಳ್ಳೆಯಿಲ್ಲದ ಬೆಣಚುಕಲ್ಲಿನ ದಂಡೆ. ದೂರದ ನೀರಿನಲ್ಲಿ ಒಂದು ತಲೆ, ಎತ್ತಿದ ಒಂದು ಕೈ.

"ನೀವಾ?" ಎಂದೆ.

"ಮತ್ತಿನ್ಯಾರು? ಅಂಕಲ್ ಒಂದ್ ಕೈಲಿ ಕೊಡೆ, ಒಂದ್ ಕೈಲಿ ಕ್ಯಾಮೆರಾ, ಹೆಗಲ ಮೇಲೆ ಎರಡು ಟವೆಲ್. ಮೂರೇ ನಿಮಿಷ ಕಣೇ. ಹಲ್ಲು ಕಟಕಟ ಅಂತಿತ್ತು. ಆದ್ರೂ ಅಲ್ಲೊಂದು ಬಂಡೆ ಇತ್ತು, ಅದನ್ನ ಮುಟ್ಟಿ ವಾಪಸ್ ಬಂದೆ."

ನನಗೆ ಅಳು ಬಂತು. ಯಜಮಾನತಿ, ಗಿರಾಕಿಗಳು ಎಲ್ಲರೂ ನೋಡುತ್ತಿದ್ದರು. "ಸಾರಿ ಆಂಟಿ, ಜೂನ್‌ನಲ್ಲಿ ಕಳಿಸಿದ್ರೆ ನೀವು ಬಿಸಿಲಲ್ಲಿ ಆರಾಮಾಗಿ..."

ಆಂಟಿ ಮಾತು ತಡೆದು ಇನ್ನೊಂದು ಫೋಟೋ ಮುಂದಿಟ್ಟರು. ಹೋಟೆಲಿನ ಗೋಡೆಯಲ್ಲಿದ್ದ ಜೂನ್ ತಿಂಗಳ ಚಿತ್ರವೊಂದನ್ನು ಅಂಕಲ್ ಕ್ಲಿಕ್ಕಿಸಿದ್ದರು. ಅದೇ ದಂಡೆ, ಸಾಲು ಸಾಲು ಕೊಡೆ, ಟವೆಲ್ ಹಾಸಲೂ ಜಾಗವಿಲ್ಲದಷ್ಟು ಜನ.

"ಇದನ್ನ ನೋಡಿದ್ಮೇಲೆ ನಿನ್ನ ಮೇಲಿದ್ದ ಚೂರುಪಾರು ಕೋಪಾನೂ ಹೋಯ್ತು," ಎಂದರು. "ಇಷ್ಟು ಜನದ ಮಧ್ಯೆ ಚೂಡಿದಾರ ಹಾಕ್ಕೊಂಡು ನಾನು ಇಳೀತಿದ್ನಾ? ಕಾಲು ಕೂಡ ನೆನೆಸ್ದೆ ವಾಪಸ್ ಬಂದುಬಿಡ್ತಿದ್ದೆ."